ಹನ್ನೊಂದನೇ ಕ್ಲಾಸಿಗೆ ಮೀಡಿಯಾ ತಗೊಳ್ಳಬಹುದೇ?

ಸಿಬಿಎಸ್‌ಇ ಹತ್ತನೇ ತರಗತಿಯ ಫಲಿತಾಂಶ ಬಂದ ವಾರ ನನ್ನ ಫೋನು ಸುಮ್ಮನಿರುವುದಿಲ್ಲ. ಪುಣೆಯ ಒಂದು ಶಾಲೆಯಲ್ಲಿ ವಾರಕ್ಕೆ ಎರಡು ದಿನ ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳಿಗೆ ಮಾಸ್ ಮೀಡಿಯಾ ಪಾಠ ಮಾಡುತ್ತೇನೆಂಬುದು ಇಲ್ಲಿನ ಕನ್ನಡ ಬಳಗಕ್ಕೆಲ್ಲ ಗೊತ್ತಾಗಿಬಿಟ್ಟಿದೆ. ಈ ಸಲ ಮೊದಲು ಫೋನು ಮಾಡಿದವರು ಚಿಂಚವಡದಲ್ಲಿರುವ, ವಿಜಯಪುರದ ಕಡೆಯ ಪರಿಚಯದವರು.

"ಅಕ್ಕೋರ, ಹುಡುಗಿ ಮೀಡಿಯಾ ತಗೋತೀನಿ ಅಂತ ಹಟ ಹಿಡದಾಳ್ರಿ. ಅದರಾಗ ಏನರ ಐತೇನ್ರಿ? ಟಿವ್ಯಾಗ ನಿಂತು ಒದರೋದು ಕಲಸ್ತೀರೇನು?" ಅಂದರು. ನಾನು ನಕ್ಕೆ. ಅವರು ನಗಲಿಲ್ಲ. "ಮಾರ್ಕ್ಸ್ ಛಲೋ ಬೀಳ್ತಾವಂತ ಅಕಿ ಗೆಳತ್ಯಾರು ಹೇಳ್ಯಾರಂತ. ಖರೇನ?" ಎಂದು ಇನ್ನೊಂದು ಪ್ರಶ್ನೆ.

ಪ್ರತಿ ವರ್ಷವೂ ನನಗೆ ಬರುವುದು ಈ ಎರಡೇ ಪ್ರಶ್ನೆ. ಒಂದು, ಮಗು ಟಿವಿಯಲ್ಲಿ ಕಾಣಿಸಿಕೊಳ್ಳುತ್ತದೆಯೇ? ಎರಡು, ಇದು ಸುಲಭದಲ್ಲಿ ಅಂಕ ಕೊಡುವ ವಿಷಯವೇ? ಫೋನಿನಲ್ಲಿ ಒಬ್ಬೊಬ್ಬರಿಗೂ ಹೇಳಿ ಹೇಳಿ ಗಂಟಲು ಒಣಗಿದೆ. ಹಾಗಾಗಿ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಡುತ್ತೇನೆ. ಮುಂಬಯಿ, ಹೈದರಾಬಾದು, ಚೆನ್ನೈ, ದಿಲ್ಲಿಯಲ್ಲಿರುವ ನಮ್ಮವರಿಗೂ ಈ ಪ್ರಶ್ನೆ ಇದ್ದೇ ಇರುತ್ತದೆ.

ಮೊದಲು ಕಾಗದದ ಮೇಲಿನ ಸಂಗತಿ. ಸಿಬಿಎಸ್‌ಇಯಲ್ಲಿ ಇದು ಕೌಶಲ ವಿಷಯಗಳ ಪಟ್ಟಿಯಲ್ಲಿ ಬರುತ್ತದೆ, ಸಂಕೇತ ಸಂಖ್ಯೆ 835. ಒಟ್ಟು 100 ಅಂಕ, ಅದರಲ್ಲಿ 60 ಲಿಖಿತ ಪರೀಕ್ಷೆಗೆ, 40 ಪ್ರಾಕ್ಟಿಕಲ್‌ಗೆ. ಸಿನಿಮಾ, ಪತ್ರಿಕೆ, ರೇಡಿಯೋ, ಟೆಲಿವಿಷನ್, ಜಾಹೀರಾತು, ಇಂಟರ್‌ನೆಟ್ಟು, ಹೀಗೆ ಎಲ್ಲದರ ಪರಿಚಯ. ಲಿಖಿತದ 60ರಲ್ಲಿ 10 ಅಂಕ ಉದ್ಯೋಗ ಕೌಶಲಕ್ಕೆ ಎಂದು ಮಂಡಳಿ ತೆಗೆದಿಟ್ಟಿದೆ. ಕೌಶಲ ವಿಷಯಗಳಿಗೆಲ್ಲ ಇದು ಇರುವಂಥದ್ದೇ: ಸಂವಹನ, ಸ್ವಯಂ ನಿರ್ವಹಣೆ, ಕಂಪ್ಯೂಟರ್ ಬಳಕೆ, ಉದ್ಯಮಶೀಲತೆ, ಕೊನೆಗೆ 'ಗ್ರೀನ್ ಸ್ಕಿಲ್ಸ್'. ಸಿನಿಮಾದ ಶಾಟುಗಳ ಬಗ್ಗೆ ಓದುತ್ತಿರುವ ಹುಡುಗ ಪುಟ ತಿರುಗಿಸಿದರೆ ಪರಿಸರಸ್ನೇಹಿ ಉದ್ಯೋಗಗಳ ಪಾಠ ಬರುತ್ತದೆ. ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಹತ್ತು ಅಂಕಕ್ಕಾಗಿ ಎಂದು ಹೇಳುತ್ತೇನೆ.

ಎಲ್ಲ ಶಾಲೆಗಳಲ್ಲಿ ಈ ವಿಷಯ ಇರುವುದಿಲ್ಲ, ಶಾಲೆ ಮಂಡಳಿಯಿಂದ ತೆಗೆದುಕೊಂಡಿದ್ದರೆ ಮಾತ್ರ. ಆರರಿಂದ ಎಂಟನೇ ತರಗತಿಯವರಿಗೆ ಮಾಧ್ಯಮ ಸಾಕ್ಷರತೆಯ ಹನ್ನೆರಡು ಗಂಟೆಗಳ ಒಂದು ಪುಟ್ಟ ಪಾಠಕ್ರಮವೂ ಇದೆ. ಹೆಚ್ಚಿನ ತಂದೆತಾಯಿಗಳಿಗೆ ಅದು ಇರುವುದೇ ತಿಳಿದಿಲ್ಲ. ಮೀಡಿಯಾ ಎಂಬ ಹೆಸರಿಲ್ಲದೆಯೂ ಈ ಪಾಠ ಮಕ್ಕಳ ಚೀಲ ಸೇರಿರುವುದುಂಟು. ಹಿಂದಿ ತೆಗೆದುಕೊಂಡ ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳಿಗೆ ಎನ್‌ಸಿಇಆರ್‌ಟಿಯ 'ಅಭಿವ್ಯಕ್ತಿ ಔರ್ ಮಾಧ್ಯಮ್' ಪುಸ್ತಕವಿದೆ. ಮಹಾರಾಷ್ಟ್ರ ಮಂಡಳಿಯ ಹನ್ನೆರಡನೇ ತರಗತಿಯ ಹಿಂದಿ ಪುಸ್ತಕದಲ್ಲಿ ಫೀಚರ್ ಬರೆಯುವುದು, ಬ್ಲಾಗ್ ಬರೆಯುವುದು, ಉದ್ಘೋಷಕನ ಕೆಲಸ, ಇವೆಲ್ಲ ಪಾಠಗಳಾಗಿವೆ. ಮುಂಬಯಿ ಪುಣೆಗಳ ಸ್ಟೇಟ್ ಬೋರ್ಡಿನ ನಮ್ಮ ಮಕ್ಕಳು ಬೇರೆ ವಿಷಯ ತೆಗೆದುಕೊಂಡಿದ್ದರೂ ಅಷ್ಟನ್ನು ಓದುತ್ತಾರೆ.

ಹಿಂದಿಯಲ್ಲಿ ಸುದ್ದಿಯ ಮೂಲ ಪ್ರಶ್ನೆಗಳಿಗೆ 'ಛಹ ಕಕಾರ್' ಎನ್ನುತ್ತಾರೆ. ಕ್ಯಾ, ಕೌನ್, ಕಹಾಂ, ಕಬ್, ಕ್ಯೋಂ, ಕೈಸೇ, ಆರೂ 'ಕ'ದಿಂದಲೇ ಶುರು. ಬಾಯಿಪಾಠಕ್ಕೆ ಹೇಳಿಮಾಡಿಸಿದ ಹಾಗಿದೆ. ನಮ್ಮ ಕನ್ನಡದಲ್ಲಿ ಯಾರು, ಯಾವಾಗ, ಏನು, ಎಲ್ಲಿ, ಏಕೆ, ಹೇಗೆ ಎಂದು ಮೂರು ದಿಕ್ಕಿಗೆ ಚದುರಿವೆ. ಕ್ಲಾಸಿನ ಕನ್ನಡದ ಮಕ್ಕಳು ಅದಕ್ಕೊಂದು ಸೂತ್ರ ಹುಡುಕಿ ಸೋತರು. ಆದರೆ ಆರರಲ್ಲಿ ಪತ್ರಿಕೆಗಳು ಯಾವುದಕ್ಕೆ ಉತ್ತರ ಕೊಡದೆ ಜಾರಿಕೊಳ್ಳುತ್ತವೆ ಎಂಬುದನ್ನು ಒಂದೇ ವಾರದಲ್ಲಿ ಕಂಡುಹಿಡಿದರು. 'ಏಕೆ.'

ಇನ್ನು ಆ ಎರಡು ಪ್ರಶ್ನೆಗಳಿಗೆ ಬರುತ್ತೇನೆ. ಟಿವಿಯಲ್ಲಿ ಕಾಣಿಸಿಕೊಳ್ಳುವುದನ್ನು ಶಾಲೆಯ ಮೀಡಿಯಾ ಪಾಠ ಕಲಿಸುವುದಿಲ್ಲ. ಕಲಿಸಲು ಬೇಕಾದ ಸ್ಟುಡಿಯೋ ಹೆಚ್ಚಿನ ಶಾಲೆಗಳಲ್ಲಿಲ್ಲ, ಇದ್ದರೂ ಅದು ಅಡ್ಮಿಷನ್ ಸಮಯದಲ್ಲಿ ತಂದೆತಾಯಿಗಳಿಗೆ ತೋರಿಸಲು. ಒಂದು ಕ್ಯಾಮೆರಾ, ಬೀಗ ಹಾಕಿದ ಕಪಾಟು, ಕೀಲಿ ಇಟ್ಟುಕೊಂಡ ಲ್ಯಾಬ್ ಸಹಾಯಕ. ಆತ ರಜೆಯಲ್ಲಿದ್ದರೆ ಕ್ಯಾಮೆರಾಕ್ಕೂ ರಜೆ. ನಾವು ಎಲ್ಲವನ್ನೂ ಮೊಬೈಲಿನಲ್ಲೇ ಮಾಡುತ್ತೇವೆ, ಅದರಿಂದ ನಷ್ಟವೇನೂ ಆಗಿಲ್ಲ. ಇನ್ನು ಅಂಕ. ಪ್ರಾಕ್ಟಿಕಲ್ ಫೈಲನ್ನು ಪ್ರಾಮಾಣಿಕವಾಗಿ ಮಾಡಿದವರಿಗೆ ಅಂಕ ಬರುತ್ತದೆ, ನಿಜ. ಆದರೆ ಸುಲಭ ಎಂದುಕೊಂಡು ಬಂದವರು ಆಗಸ್ಟ್ ಹೊತ್ತಿಗೆ ಸಪ್ಪೆ ಮುಖ ಮಾಡುತ್ತಾರೆ. ಬರೆಯುವುದು ಬಹಳ ಇದೆ, ಬರೆದದ್ದನ್ನು ತಿರುಗಿ ಬರೆಯುವುದು ಇನ್ನೂ ಬಹಳ.

ಹಾಗಾದರೆ ಸಿಗುವುದೇನು? 2022ರ ಡಿಸೆಂಬರಿನ ಒಂದು ವಾರವನ್ನು ಹೇಳಿದರೆ ತಿಳಿಯಬಹುದು.

ಆ ವರ್ಷ ಹನ್ನೊಂದನೇ ತರಗತಿಯಲ್ಲಿ ನನಗೆ ಹದಿನಾಲ್ಕು ಮಕ್ಕಳಿದ್ದರು, ಅವರಲ್ಲಿ ಮೂವರು ಕನ್ನಡ ಮನೆಯವರು. ಡಿಸೆಂಬರ್ 6ರಂದು ಬೆಳಗಾವಿಯ ಹತ್ತಿರ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ನಂಬರ್ ಪ್ಲೇಟಿನ ಲಾರಿಗಳಿಗೆ ಕಲ್ಲು ಬಿದ್ದವು. ಅದೇ ದಿನ ಇಲ್ಲಿ ಸ್ವಾರಗೇಟಿನಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಮಹಾರಾಷ್ಟ್ರ ಸಾರಿಗೆಯವರು ಕರ್ನಾಟಕಕ್ಕೆ ಹೋಗುವ ಬಸ್ಸುಗಳನ್ನು ಕೆಲಕಾಲ ನಿಲ್ಲಿಸಿದರು. ನಮ್ಮವರೆಲ್ಲ ಆ ವಾರ ಬಸ್ಸಿನಲ್ಲಿ, ಅಂಗಡಿಯಲ್ಲಿ ಫೋನಿಗೆ ಕನ್ನಡದಲ್ಲಿ ಉತ್ತರಿಸುವಾಗ ಸ್ವಲ್ಪ ದನಿ ತಗ್ಗಿಸಿದ್ದು ನೆನಪಿರಬಹುದು. ಕ್ಲಾಸಿನಲ್ಲಿಯೂ ಬಿಸಿ ಇತ್ತು. ಇಂಡಿ ತಾಲ್ಲೂಕಿನ ಮೂಲದ ಹುಡುಗಿ ಮತ್ತು ಅವಳ ಪಕ್ಕದಲ್ಲೇ ಕೂರುವ ಮರಾಠಿ ಹುಡುಗ ಎರಡು ದಿನ ಮಾತು ಬಿಟ್ಟಿದ್ದರು.

ನಾನು ಭಾಷಣ ಮಾಡಲಿಲ್ಲ. ಮರುದಿನದ ಮರಾಠಿ, ಇಂಗ್ಲಿಷ್, ಕನ್ನಡ ಪತ್ರಿಕೆಗಳಲ್ಲಿ ಈ ಸುದ್ದಿ ಹೇಗೆ ಬಂದಿದೆ ನೋಡಿ, ಒಂದು ಚಾರ್ಟ್ ಮಾಡಿ ತನ್ನಿ ಎಂದೆ. ಆ ಇಬ್ಬರನ್ನೂ ಒಂದೇ ಗುಂಪಿಗೆ ಹಾಕಿದೆ.

ಚಾರ್ಟು ಬಂತು. ನಮ್ಮ ಕಡೆಯ ಪತ್ರಿಕೆಯಲ್ಲಿ ಕಲ್ಲೆಸೆದವರು 'ಕಾರ್ಯಕರ್ತರು', ಮಸಿ ಬಳಿದವರು 'ಪುಂಡರು'. ಮರಾಠಿ ಪತ್ರಿಕೆಯಲ್ಲಿ ಮಸಿ ಬಳಿದವರು 'ಕಾರ್ಯಕರ್ತರು', ಕಲ್ಲೆಸೆದವರು 'ಗುಂಡ'ರು. ಒಂದು ಕಡೆ 'ಗಡಿ ಕ್ಯಾತೆ', ಇನ್ನೊಂದು ಕಡೆ 'ಸೀಮಾಪ್ರಶ್ನ'. ಊರಿನ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬೆಳಗಾವಿ ಆಗಿದ್ದರೂ ಇಲ್ಲಿ ಅದು ಬೆಳಗಾಂವ್‌ ಆಗಿಯೇ ಉಳಿದಿದೆ. ಇಷ್ಟನ್ನು ಯಾರಾದರೂ ಊಹಿಸಬಹುದು. ಮಕ್ಕಳು ಅಲ್ಲಿಗೇ ನಿಲ್ಲದೆ, ಸುದ್ದಿಯ ಕೊನೆಯಲ್ಲಿ 'ಹಿನ್ನೆಲೆ' ಎಂದು ಹಾಕುವ ನಾಲ್ಕು ಸಾಲು ಇರುತ್ತದಲ್ಲ, ಅದನ್ನು ಹಿಡಿದುಕೊಂಡರು. ಕನ್ನಡದ ಹಿನ್ನೆಲೆಯಲ್ಲಿ ಮಹಾಜನ್ ಆಯೋಗ ಇದ್ದೇ ಇತ್ತು: 1967ರ ವರದಿ, ಅದೇ ಅಂತಿಮ. ಮರಾಠಿಯ ಹಿನ್ನೆಲೆಯಲ್ಲಿ ಮಹಾಜನರ ಸುಳಿವಿಲ್ಲ. ಅಲ್ಲಿದ್ದದ್ದು ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು, ಮೊಕದ್ದಮೆ ಇನ್ನೂ ಬಾಕಿ ಇರುವುದು.

ಆ ಮರಾಠಿ ಹುಡುಗ ಗ್ರಂಥಾಲಯದಲ್ಲಿ ಕುಳಿತು ಹುಡುಕಿದ. ಮಹಾಜನ್ ಆಯೋಗ ಬೇಕೆಂದು ಪಟ್ಟು ಹಿಡಿದದ್ದೇ ಮಹಾರಾಷ್ಟ್ರ, ಅದಕ್ಕಾಗಿ ಸೇನಾಪತಿ ಬಾಪಟರು ಉಪವಾಸ ಕೂತಿದ್ದರು. ವರದಿ ಬಂದ ಮೇಲೆ ಅದನ್ನು ಒಪ್ಪದವರೂ ಅವರೇ. "ಇದನ್ನು ನಮ್ಮ ಪೇಪರಿನಲ್ಲಿ ಯಾಕೆ ಹಾಕುವುದಿಲ್ಲ ಮ್ಯಾಡಮ್?" ಎಂದು ಕೇಳಿದ. ಇತ್ತ ನಮ್ಮ ಹುಡುಗಿಯೂ ಹುಡುಕಿದ್ದಳು. ಬೆಳಗಾವಿ ನಗರ ಮೈಸೂರು ರಾಜ್ಯದಲ್ಲೇ ಇರಲಿ ಎಂದ ಅದೇ ವರದಿ ನಿಪ್ಪಾಣಿ, ಖಾನಾಪುರ ಸೇರಿ 264 ಊರುಗಳನ್ನು ಮಹಾರಾಷ್ಟ್ರಕ್ಕೆ ಕೊಡಲು ಹೇಳಿತ್ತು. ಅಕ್ಕಲಕೋಟೆಯ ಭಾಗವೂ ಸೇರಿ 247 ಊರುಗಳು ಈ ಕಡೆಗೆ. ಮಹಾಜನ್ ವರದಿಯೇ ಅಂತಿಮ ಎನ್ನುವ ನಮ್ಮ ಸುದ್ದಿಯಲ್ಲಿ ನಿಪ್ಪಾಣಿ ಖಾನಾಪುರದ ಮಾತಿರಲಿಲ್ಲ. "ನಮ್ಮವರೂ ಅರ್ಧ ಮಾತ್ರ ಹೇಳ್ತಾರ" ಎಂದಳು. ಅವಳಿಗೆ ಅದು ಇಷ್ಟವಾಗಲಿಲ್ಲ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು.

ಚಾರ್ಟಿನ ಹಿಂದಿನ ಇನ್ನೊಂದು ಕತೆ ನನಗೆ ಆಮೇಲೆ ತಿಳಿಯಿತು. ಆ ಹುಡುಗಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುತ್ತಿರಲಿಲ್ಲ. ಪುಣೆಯಲ್ಲಿ ಹುಟ್ಟಿ ಬೆಳೆದ ನಮ್ಮ ಎಷ್ಟೋ ಮಕ್ಕಳ ಸ್ಥಿತಿ ಇದು. ಹಾಗಾಗಿ ಇಂಡಿ ಕಡೆಯ ಹಳ್ಳಿಯಲ್ಲಿರುವ ಅಜ್ಜಿಗೆ ವಿಡಿಯೋ ಕಾಲ್ ಮಾಡಿ, ಅಜ್ಜಿ ಪತ್ರಿಕೆ ಓದಿದ್ದನ್ನು ಕೇಳಿ ಬರೆದುಕೊಂಡಿದ್ದಳು. ಅಜ್ಜಿಯ ತಂಗಿಯನ್ನು ಕೊಟ್ಟದ್ದು ಅಕ್ಕಲಕೋಟೆಗೆ. ಗಡಿ ಅವರ ಮನೆಯೊಳಗೇ ಹಾದುಹೋಗಿದೆ. ಪತ್ರಿಕೆ ಓದಿ ಮುಗಿಸಿದ ಅಜ್ಜಿ ಹೇಳಿದ್ದನ್ನು ಹುಡುಗಿ ಚಾರ್ಟಿನ ಕೆಳಗೆ ಹಾಗೇ ಬರೆದಿದ್ದಳು: "ಕಲ್ಲ ಒಗದಿದ್ದು ಬರದಾರ, ಮಸಿ ಹಚ್ಚಿದ್ದು ಬರದಾರ. ಬಸ್ ನಿಂತ ಮ್ಯಾಲ ಅಕ್ಕಲಕೋಟಿಗೆ ಹೋಗವರು ಹ್ಯಾಂಗ ಹೋಗಬೇಕು ಅಂತ ಯಾರೂ ಬರದಿಲ್ಲ ನೋಡವ್ವಾ."

ನಾನು ಹದಿನಾರು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತವಳು. ಅಷ್ಟು ಚೊಕ್ಕವಾದ ಟೀಕೆಯನ್ನು ನಮ್ಮ ಸಂಜೆಯ ಮೀಟಿಂಗುಗಳಲ್ಲಿ ಕೇಳಿದ ನೆನಪಿಲ್ಲ.

ಒಂದು ತಿಂಗಳು ಹೀಗೇ ಓದಿಸಿಕೊಂಡ ಮೇಲೆ ಅಜ್ಜಿಗೂ ಸಾಕಾಗಿರಬೇಕು. "ದಿನಾ ನಾ ಎಷ್ಟಂತ ಓದ್ಲಿ, ನೀನ ಕಲಿ" ಎಂದರಂತೆ. ಹುಡುಗಿ ದೊಡ್ಡಕ್ಷರದ ತಲೆಬರಹಗಳಿಂದ ಶುರುಮಾಡಿದಳು. ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಿದ್ದಳು. ಹನ್ನೆರಡನೇ ತರಗತಿ ಮುಗಿಯುವ ಹೊತ್ತಿಗೆ ಒಂದು ಕಾಲಂ ಸುದ್ದಿಯನ್ನು ನಿಧಾನಕ್ಕೆ ತಾನೇ ಓದುತ್ತಿದ್ದಳು. ಇದು ಯಾವ ಪಠ್ಯಕ್ರಮದಲ್ಲೂ ಇಲ್ಲ, ಇದಕ್ಕೆ ಅಂಕವೂ ಇಲ್ಲ.

ಬಿಟ್ಟದ್ದನ್ನು ಹುಡುಕುವ ಈ ಅಭ್ಯಾಸ ಪತ್ರಿಕೆಗಿಂತ ಮೊಬೈಲಿಗೆ ಹೆಚ್ಚು ಬೇಕು. ಪ್ರತಿ ವರ್ಷ ನಾನು ಒಂದು ವಿಡಿಯೋದ ಪಾಠ ಮಾಡುತ್ತೇನೆ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. 2017-18ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಒಕ್ಕಣೆಯೊಂದಿಗೆ ಅದು ದೇಶವೆಲ್ಲ ಸುತ್ತಿತು. ನಮ್ಮ ಕುಟುಂಬದ ವಾಟ್ಸ್‌ಆಪ್ ಗುಂಪಿಗೂ ಬಂದಿತ್ತು, ನಿಮ್ಮದಕ್ಕೂ ಬಂದಿರಬಹುದು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಅರಿವು ಮೂಡಿಸಲು ಮಾಡಿದ ಚಿತ್ರ. ಮೂಲದಲ್ಲಿ ಆ ಇಬ್ಬರು ಮಗುವನ್ನು ವಾಪಸು ತಂದು ಬಿಟ್ಟು, ಮಕ್ಕಳ ಅಪಹರಣದ ಬಗ್ಗೆ ಎಚ್ಚರಿಸುವ ಫಲಕವೊಂದನ್ನು ತೋರಿಸುತ್ತಾರೆ. ಯಾರೋ ಆ ಕೊನೆಯ ತುಣುಕನ್ನು ಕತ್ತರಿಸಿದ್ದರು.

2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಐದು ಜನರನ್ನು ಮಕ್ಕಳ ಕಳ್ಳರೆಂದು ಹೊಡೆದು ಕೊಂದರು. ಅವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಕಡೆಯ ಅಲೆಮಾರಿ ಗೋಸಾವಿಗಳು. ಹನ್ನೆರಡು ದಿನ ಕಳೆದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪಿನ ಮೇಲೆ ಜನ ಬಿದ್ದರು, ಒಬ್ಬ ಸತ್ತ. ಅವರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಸಂಶಯಕ್ಕೆ ಕಾರಣವಾಗಿತ್ತು. ಜುಲೈ 1 ಕನ್ನಡದವರಿಗೆ ಪತ್ರಿಕಾ ದಿನ. 1843ರ ಅದೇ ದಿನ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. ಕಲ್ಲಿನ ಮೇಲೆ ಬರೆದು, ಮಸಿ ಹಚ್ಚಿ, ಒಂದೊಂದೇ ಹಾಳೆ ತೆಗೆದು ಸುದ್ದಿ ಹಂಚುತ್ತಿದ್ದ ಕಾಲಕ್ಕೂ ಒಂದು ಬೆರಳಿನಲ್ಲಿ ಇಪ್ಪತ್ತು ಗುಂಪಿಗೆ ಕಳಿಸುವ ಕಾಲಕ್ಕೂ ಸರಿಯಾಗಿ 175 ವರ್ಷ. ಈ ಲೆಕ್ಕ ಹೇಳಿದ ದಿನ ಕ್ಲಾಸು ಸ್ವಲ್ಪ ಹೊತ್ತು ಸುಮ್ಮನಿತ್ತು. ಮಾಧ್ಯಮದ ಇತಿಹಾಸದ ಉಳಿದ ಇಸವಿಗಳನ್ನು ಮಕ್ಕಳು ಪರೀಕ್ಷೆಯ ಮರುದಿನವೇ ಮರೆಯುತ್ತಾರೆ.

ಇಂಥ ಪಾಠ ಹನ್ನೊಂದನೇ ತರಗತಿಯಲ್ಲಿ, ಅದೂ ಆ ವಿಷಯ ತೆಗೆದುಕೊಂಡವರಿಗೆ ಮಾತ್ರ ಯಾಕೆ? ಈ ಬಗ್ಗೆ ಕೇರಳದವರು ನಮಗಿಂತ ಮುಂದಿದ್ದಾರೆ. ಲಸಿಕೆಯ ಬಗ್ಗೆ ಹಬ್ಬಿದ ಸುಳ್ಳುಗಳಿಂದ ಬೇಸತ್ತು ಕಣ್ಣೂರಿನ ಜಿಲ್ಲಾಧಿಕಾರಿ 2018ರಲ್ಲಿ 'ಸತ್ಯಮೇವ ಜಯತೇ' ಎಂಬ ಹೆಸರಿನಲ್ಲಿ ಸುಮಾರು 150 ಸರಕಾರಿ ಶಾಲೆಗಳಲ್ಲಿ ಸುಳ್ಳುಸುದ್ದಿ ಗುರುತಿಸುವ ಪಾಠ ಶುರುಮಾಡಿದರು. 2024ರಿಂದ ಆ ರಾಜ್ಯದ ಐದು ಮತ್ತು ಏಳನೇ ತರಗತಿಯ ಐಸಿಟಿ ಪುಸ್ತಕದಲ್ಲೇ ಅದು ಸೇರಿದೆ. ಪಕ್ಕದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದೇ ಪಠ್ಯಕ್ರಮವನ್ನು. ಗಡಿಯ ಆಚೆ ಉಳಿದವರು ಎಂದು ನಾವು ಮರುಗುವ ಆ ಮಕ್ಕಳಿಗೆ ಹತ್ತನೇ ವಯಸ್ಸಿಗೇ ಸಿಗುವುದು ಬೆಂಗಳೂರಿನ ಮಕ್ಕಳಿಗೆ ಯಾವಾಗ ಸಿಗುತ್ತದೋ.

ಈಗ ಬೇಗ ಬೇಗ ಮುಂದಿನ ಓದಿನ ಮಾತು. ಕಾಲೇಜಿನಲ್ಲಿ ಮಾಧ್ಯಮ ಪದವಿ ಮಾಡಲು ಶಾಲೆಯಲ್ಲಿ ಈ ವಿಷಯ ಓದಿರಲೇಬೇಕೆಂದಿಲ್ಲ. ಮುಂಬಯಿಯಲ್ಲಿ ಬಿಎಂಎಂ ಎನ್ನುತ್ತಿದ್ದರಲ್ಲ, ಈಗ ಬಿಎಎಂಎಂಸಿ, ಅದಕ್ಕೆ ಸೈನ್ಸು, ಕಾಮರ್ಸು, ಆರ್ಟ್ಸು ಎಲ್ಲ ಕಡೆಯ ಮಕ್ಕಳೂ ಹೋಗುತ್ತಾರೆ. ಊರಿನ ಕಡೆಯಂತೂ ಪತ್ರಿಕೋದ್ಯಮ ಹಳೆಯ ಐಚ್ಛಿಕ ವಿಷಯ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1951ರಲ್ಲೇ ಶುರುವಾದದ್ದು. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿಯಲ್ಲಿ ಮಾಸ್ ಮೀಡಿಯಾ ಕೂಡ ಒಂದು ವಿಷಯ. ಆದರೆ ಕೌಶಲ ವಿಷಯದ ಅಂಕವನ್ನು ಎಲ್ಲ ಕಾಲೇಜುಗಳೂ ಒಂದೇ ರೀತಿ ಲೆಕ್ಕಕ್ಕೆ ಹಿಡಿಯುತ್ತವೆಂದು ನಂಬಿ ಕೂರಬೇಡಿ. ಬೇಕಾದ ಕಾಲೇಜಿನ ಪ್ರವೇಶ ನಿಯಮವನ್ನು ಹನ್ನೊಂದಕ್ಕೆ ಸೇರುವ ಮೊದಲೇ ಓದಿಕೊಳ್ಳಿ. ಮಗಳಿಗೆ ಇಂಜಿನಿಯರಿಂಗ್ ಬೇಕು, ಜೊತೆಗೆ ಐದನೇ ವಿಷಯವಾಗಿ ಮೀಡಿಯಾ ಇರಲಿ ಎನ್ನುವವರಿದ್ದಾರೆ. ಇರಲಿ, ಅಡ್ಡಿಯಿಲ್ಲ, ನನ್ನ ಕ್ಲಾಸಿನಲ್ಲಿ ಅಂಥವರೇ ಅರ್ಧದಷ್ಟು.

ಕೆಲಸದ ಬಗ್ಗೆ ಕೇಳುವವರಿಗೆ ಒಂದು ಮಾತು. ಪತ್ರಿಕೆಯ ಡೆಸ್ಕುಗಳು ಕುಗ್ಗುತ್ತಿರುವುದನ್ನು ನಾನೇ ಕಂಡಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಇನ್ನೊಂದು ಕಡೆ, 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವವರ ವಿರುದ್ಧ ಆದೇಶ ಕೊಟ್ಟ ಮೇಲೆ ಕನ್ನಡಕ್ಕೆ ಡಬ್ ಆಗುವ ಚಿತ್ರಗಳು ಬರತೊಡಗಿವೆ. ಸಬ್‌ಟೈಟಲ್, ಅನುವಾದ, ಸುದ್ದಿ ಪರಿಶೀಲನೆ, ಇವೆಲ್ಲಕ್ಕೂ ಎರಡು ಮೂರು ಭಾಷೆ ಬಲ್ಲವರು ಬೇಕು. ಮರಾಠಿ, ಹಿಂದಿ, ಇಂಗ್ಲಿಷ್ ಮೂರನ್ನೂ ಲೀಲಾಜಾಲವಾಗಿ ಆಡುವ ನಮ್ಮ ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ ಅದು ಅವರ ತಪ್ಪಲ್ಲ, ಮನೆಯಲ್ಲಿ ಅಕ್ಷರ ತಿದ್ದಿಸದ ನಮ್ಮ ಕಡೆಯವರದು.

ಶಾಲೆಯನ್ನು ನೋಡಲು ಹೋದಾಗ ಸ್ಟುಡಿಯೋ ತೋರಿಸಿ ಎನ್ನಬೇಡಿ. ಹೋದ ವರ್ಷದ ಮಕ್ಕಳ ಪ್ರಾಕ್ಟಿಕಲ್ ಫೈಲುಗಳನ್ನು ತೋರಿಸಿ ಎನ್ನಿ. ಎಲ್ಲ ಫೈಲುಗಳಲ್ಲೂ ಒಂದೇ ಜಾಹೀರಾತಿನ ವಿಶ್ಲೇಷಣೆ, ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಅವೇ ಚಿತ್ರಗಳಿದ್ದರೆ ಅಲ್ಲಿ ಪಾಠ ನಡೆದಿಲ್ಲ. ವಾಚ್‌ಮನ್ನನ ಸಂದರ್ಶನವೋ, ಬೀದಿಯ ನೀರಿನ ಟ್ಯಾಂಕರಿನ ಲೆಕ್ಕವೋ ಕಂಡರೆ ಧೈರ್ಯವಾಗಿ ಸೇರಿಸಿ. ಪಾಠ ಮಾಡುವವರು ಯಾರು, ಬೇರೆ ವಿಷಯದವರಿಗೆ ಖಾಲಿ ಪೀರಿಯಡ್ ಇದೆಯೆಂದು ಇದನ್ನು ಹೊರಿಸಿದ್ದಾರೆಯೇ ಎಂದೂ ವಿಚಾರಿಸಿ. ಮತ್ತೊಂದು ಪ್ರಶ್ನೆ ಇದೆ, ಕೇಳಿದರೆ ಶಾಲೆಯವರಿಗೆ ಇಷ್ಟವಾಗದು. ಮಕ್ಕಳು ಶಾಲೆಯ ಬಗ್ಗೆಯೇ ಬರೆದರೆ ಏನು ಮಾಡುತ್ತೀರಿ?

ಇದನ್ನು ಯಾಕೆ ಹೇಳುತ್ತೇನೆಂದರೆ, ನಮ್ಮ ಕಾಲದ ಶಾಲೆಗಳಲ್ಲಿ ಕೈಬರಹದ ಪತ್ರಿಕೆ ಇರುತ್ತಿತ್ತು. ಚಂದದ ಅಕ್ಷರದವರು ಬರೆಯುವುದು, ಚಿತ್ರ ಬರುವವರು ಹೂಬಳ್ಳಿ ಬಿಡಿಸುವುದು, ಮೇಷ್ಟ್ರು ಕಾಗುಣಿತ ತಿದ್ದುವುದು. ಅದರಲ್ಲಿ ಕವಿತೆ ಇತ್ತು, ಪ್ರವಾಸ ಕಥನ ಇತ್ತು, ಸುದ್ದಿ ಇರಲಿಲ್ಲ. ಈಗಿನ ಗೋಡೆಪತ್ರಿಕೆಯನ್ನು ಮಕ್ಕಳು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ ಅಂಟಿಸುತ್ತಾರೆ. ವರದಿ ಬರೆಯುವುದನ್ನು ಕಲಿತ ಮಕ್ಕಳು ಮೊದಲು ವರದಿ ಮಾಡುವುದು ಕಣ್ಣೆದುರು ಇರುವುದನ್ನೇ ಅಲ್ಲವೇ?

ಎರಡು ವರ್ಷದ ಹಿಂದೆ ಹನ್ನೆರಡನೇ ತರಗತಿಯ ನಾಲ್ಕು ಹುಡುಗಿಯರು ಎರಡನೇ ಮಹಡಿಯ ಹುಡುಗಿಯರ ಶೌಚಾಲಯದ ಬಗ್ಗೆ ಬರೆದರು. ಅದಕ್ಕೆ ಹೆಚ್ಚಿನ ದಿನ ಬೀಗ. ಮಧ್ಯಾಹ್ನದ ಬಿಡುವಿನಲ್ಲಿ ನೆಲಮಹಡಿಯ ಶೌಚಾಲಯದ ಮುಂದೆ ಉದ್ದದ ಸಾಲು, ಅರ್ಧ ಜನರ ಸರದಿ ಬರುವಷ್ಟರಲ್ಲಿ ಬೆಲ್ಲು. ಕೆಲವು ಹುಡುಗಿಯರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆ ನಾಲ್ವರು ಮಾಡಿದ್ದಿಷ್ಟೇ: ಸತತ ಹನ್ನೊಂದು ಶಾಲಾ ದಿನ, ಬೆಳಗಿನ ಮತ್ತು ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ಬಾಗಿಲು ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಇಪ್ಪತ್ತೆರಡು ಸಲ ನೋಡಿದ್ದು, ಹದಿನೇಳು ಸಲ ಬೀಗ. ಸ್ವಚ್ಛತೆಯ ಕೆಲಸದ ಮಾವಶಿಯನ್ನು ಮಾತಾಡಿಸಿದರು. ಎರಡು ಮಹಡಿಗೆ ತಾನೊಬ್ಬಳೇ, ತೆರೆದಿಟ್ಟರೆ ತೊಳೆಯಲು ಆಗುವುದಿಲ್ಲ, ಗಲೀಜಾದರೆ ಬೈಗುಳ ತನಗೆ, ಅದಕ್ಕೆ ಬೀಗ ಹಾಕು ಎಂದು ಮೇಲಿನವರೇ ಹೇಳಿದ್ದು ಎಂದರು ಅವರು. ಹೆಸರು ಹಾಕಬೇಡಿ ಎಂದೂ ಕೇಳಿಕೊಂಡರು. ಹುಡುಗಿಯರು ಹಾಕಲಿಲ್ಲ. ಹೆಸರು ಹಾಕದಿದ್ದರೂ ಯಾರೆಂದು ತಿಳಿಯುತ್ತದಲ್ಲ, ಇರುವುದೇ ಒಬ್ಬರು ಎಂದು ಅವರಲ್ಲೊಬ್ಬಳಿಗೆ ಹೊಳೆದು, ಆ ಮಾತಿನ ಅರ್ಧಭಾಗವನ್ನೇ ತೆಗೆದರು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಶಾಲೆಯ ಆಡಳಿತದ ಕಡೆಯ ಉತ್ತರಕ್ಕೆ ಮೂರು ಸಲ ಸಮಯ ಕೇಳಿದರು. ಮೂರನೆಯ ಸಲ ಕರೆಬಂತು, ಅವರಿಗಲ್ಲ, ನನಗೆ. "ಇದು ಸುದ್ದಿಯಲ್ಲ, ದೂರು. ದೂರಿಗೆ ಬೇರೆ ಪೆಟ್ಟಿಗೆ ಇದೆ. ಗೋಡೆಪತ್ರಿಕೆಯನ್ನು ಹೊರಗಿನ ತಂದೆತಾಯಿಗಳೂ ಓದುತ್ತಾರೆ" ಎಂದರು. ಬೇಕಾದರೆ ಶಾಲೆಯ ವಾರ್ಷಿಕೋತ್ಸವದ ಬಗ್ಗೆ ಬರೆಯಲಿ, ಫೋಟೋ ನಾವೇ ಕೊಡುತ್ತೇವೆ ಎಂದೂ ಹೇಳಿದರು. ಹುಡುಗಿಯರಿಗೆ ಇದನ್ನು ತಿಳಿಸಿದಾಗ ಒಬ್ಬಳಿಗೆ ಸಿಟ್ಟು, ಒಬ್ಬಳಿಗೆ ಅಳು, ಒಬ್ಬಳಿಗೆ ಬೋರ್ಡ್ ಪರೀಕ್ಷೆಯ ವರ್ಷದಲ್ಲಿ ಏನಾದರೂ ಆದೀತೆಂಬ ಭಯ. ಆ ಭಯ ಸುಳ್ಳಾಗಿರಲಿಲ್ಲ. ಅದು ನನಗೂ ಇತ್ತು, ನಾನು ಗಂಟೆ ಲೆಕ್ಕದ ಟೀಚರು. ನಾಲ್ಕನೆಯವಳು, "ಗೋಡೆಗೆ ಬೇಡ ಎಂದರು, ಫೈಲಿಗೆ ಬೇಡ ಎನ್ನಲಿಲ್ಲವಲ್ಲ" ಎಂದಳು.

ವರದಿ ಪ್ರಾಕ್ಟಿಕಲ್ ಫೈಲಿಗೆ ಹೋಯಿತು. ವೈವಾಕ್ಕೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಅದನ್ನು ಪೂರ್ತಿ ಓದಿದರು. "ಶಾಲೆಯವರ ಮಾತು ಇದರಲ್ಲಿಲ್ಲವಲ್ಲ?" ಎಂದು ಕೇಳಿದರು. ಹುಡುಗಿ ಸಮಯ ಕೇಳಿದ ಮೂರು ತಾರೀಖುಗಳನ್ನು ಬರೆದಿದ್ದ ಪುಟ ತೆಗೆದು ತೋರಿಸಿದಳು. ಪರೀಕ್ಷಕರು ಇನ್ನೇನೂ ಕೇಳಲಿಲ್ಲ, ಮುಂದಿನ ಫೈಲು ತೆಗೆದುಕೊಂಡರು.

ವಾರ್ಷಿಕೋತ್ಸವದ ವರದಿಯನ್ನು ಬೇರೆ ಗುಂಪಿನವರು ಬರೆದರು, ಫೋಟೋಗಳೊಂದಿಗೆ ಅದು ಗೋಡೆಯ ಮೇಲೆ ಬಂತು. ಫೆಬ್ರವರಿಯ ಕೊನೆಗೆ, ಹನ್ನೆರಡನೆಯವರು ಬೋರ್ಡ್ ಪರೀಕ್ಷೆಗೆಂದು ಶಾಲೆಗೆ ಬರುವುದನ್ನು ನಿಲ್ಲಿಸಿದ ಮೇಲೆ, ಎರಡನೇ ಮಹಡಿಗೆ ಇನ್ನೊಬ್ಬ ಮಾವಶಿಯನ್ನು ನೇಮಿಸಿದರು. ಶೌಚಾಲಯದ ಬೀಗ ಈಗ ಬಾಗಿಲಿನಲ್ಲಿಲ್ಲ, ಹೊರಗಿನ ಮೊಳೆಗೆ ನೇತುಹಾಕಿದ್ದಾರೆ.